ಛೋಟಾ ಹಾತಿಯಲ್ಲಿ ಹಿಡಿಯುವಷ್ಟು ಸಂಸಾರ

ನಮ್ಮ ಪಕ್ಕದ ಮನೆಯ ಶೇಖಮ್ಮನಿಗೆ ಐವತ್ತಾರನೆಯ ವಯಸ್ಸಿಗೆ ಜೀವನದ ಮೊದಲ ಹಟ ಹುಟ್ಟಿತು. ಅಲ್ಲಿಯವರೆಗೆ ಅವಳು ಯಾವುದಕ್ಕೂ ಹಟ ಹಿಡಿದವಳಲ್ಲ. ಗಂಡ ದುರುಗಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತನಾಲ್ಕು ವರ್ಷ ಭೂಮಿಯೊಳಗೆ ಇಳಿದು ದುಡಿದವನು. ಅವನು ಯಾವ ಪಾಳಿಗೆ ಹೋಗುತ್ತಿದ್ದನೋ ಆ ಪಾಳಿಗೆ ಇವಳು ಏಳುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಬುತ್ತಿ ಕಟ್ಟುತ್ತಿದ್ದಳು. ಹಬ್ಬದ ಸೀರೆಯ ಬಣ್ಣವನ್ನು ಕೂಡ ಅವಳಾಗಿ ಆರಿಸಿದ್ದನ್ನು ನಾನು ಕಂಡಿಲ್ಲ. ಹೋದ ವರ್ಷ ದುರುಗಪ್ಪಣ್ಣ ನಿವೃತ್ತನಾದ. ಕಂಪನಿಯ ಕ್ವಾರ್ಟರ್ಸ್ ಬಿಟ್ಟುಕೊಡಲು ಎರಡು ತಿಂಗಳ ಸಮಯ ಇತ್ತು. ಆಗ ಶೇಖಕ್ಕ ಬಾಯಿಬಿಟ್ಟು ಹೇಳಿದಳು, ತಾನು ಮಸ್ಕಿಗೇ ಹೋಗುವುದು ಅಂತ.

ಮಸ್ಕಿ ಅವಳ ತವರು. ಅಲ್ಲಿ ಬೆಟ್ಟದ ಕೆಳಗಿನ ಓಣಿಯಲ್ಲಿ ಅವಳ ಪಾಲಿಗೆ ಬಂದ ಎರಡು ಖೋಲಿ ಇವೆ, ಮುಂದೆ ಒಂದು ಸಣ್ಣ ಪಡಸಾಲೆ. ಅಷ್ಟೇ. ಆದರೆ ಸಿಂಧನೂರಿನಲ್ಲಿ ಮಗ ವಿರೇಶನ ಮನೆ ದೊಡ್ಡದು. ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನು, ಮಹಡಿಯ ಮೇಲೆ ಅಪ್ಪ ಅವ್ವನಿಗೆಂದೇ ಕೋಣೆ ಕಟ್ಟಿಸಿದ್ದಾನೆ. ಒಳ್ಳೆಯ ಮಗ. ಸೊಸೆ ನಾಗವೇಣಿಯೂ ಒಳ್ಳೆಯವಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳಿಕೊಂಡು ಅಡುಗೆ ಮಾಡುವ ಬದುಕು ಶೇಖಕ್ಕನಿಗೆ ಬೇಕಿರಲಿಲ್ಲ.

“ಮಗ ಬ್ಯಾಡ ಅಂತಲ್ಲ ಭಾರತಿ,” ಅಂದಳು ನನ್ನ ಹತ್ತಿರ. “ನನ್ನ ಒಲಿ ನನಗಿರಲಿ. ಇಷ್ಟು ವರ್ಷ ಪಾಳಿ ನೋಡ್ಕೊಂಡು ಅಡಿಗಿ ಮಾಡೀನಿ. ಇನ್ನ ಹಸಿವಿ ನೋಡ್ಕೊಂಡು ಮಾಡಬೇಕು ಅನಿಸೇತಿ.”

ದುರುಗಪ್ಪಣ್ಣ ಹೆಂಡತಿಯ ಮಾತನ್ನು ತೆಗೆದುಹಾಕಲಿಲ್ಲ. ಬರೀ ಒಂದು ಪ್ರಶ್ನೆ ಕೇಳಿದ. ಈ ಸಾಮಾನು ಆ ಎರಡು ಖೋಲಿಯಲ್ಲಿ ಹಿಡಿಯುತ್ತದೆಯೇ?

ಹಿಡಿಯುವ ಮಾತೇ ಇರಲಿಲ್ಲ. ನಾನು ಇಪ್ಪತ್ತೆರಡು ವರ್ಷ ಅವರ ಗೋಡೆಗೆ ಗೋಡೆ ಹಚ್ಚಿ ಬದುಕಿದವಳು, ನನಗೆ ಗೊತ್ತು. ತಾಮ್ರದ ಹಂಡೆ ಎರಡು, ಹಿತ್ತಾಳೆಯ ಕೊಳಗ ಏಳು, ಸ್ಟೀಲಿನ ಭಾಂಡೆ ಎಷ್ಟೆಂದು ಮನೆಯವರಿಗೇ ಗೊತ್ತಿರಲಿಲ್ಲ. ಟ್ರಂಕು ಮೂರು, ಮಂಚ ಎರಡು, ಅಲಮಾರಿ ಎರಡು, ಅದರಲ್ಲಿ ಒಂದರ ಬಾಗಿಲು ತೆರೆದರೆ ಕೌದಿಗಳು ಮೈಮೇಲೆ ಬೀಳುತ್ತಿದ್ದವು. ಹಳೆ ಸೀರೆ ಕಡಿಮೆ ಮಾಡಬೇಕೆಂದು ಒಂದು ಬೇಸಿಗೆಯಲ್ಲಿ ಶೇಖಕ್ಕ ಅವನ್ನೆಲ್ಲ ಕೌದಿ ಹೊಲಿಸಿದ್ದಳು. ಸೀರೆ ಕಡಿಮೆಯಾದವು, ಹದಿನೇಳು ಕೌದಿ ಎದ್ದು ನಿಂತವು. ಮಿಕ್ಸಿ ಕೆಟ್ಟು ಹೋಗಿ ಯಾವ ಕಾಲವೋ ಆಗಿತ್ತು, ಅದರ ಖಾಲಿ ಡಬ್ಬ ಮಾತ್ರ ಭದ್ರವಾಗಿತ್ತು. ದುರುಗಪ್ಪಣ್ಣನ ಪಾಲಿನದು ಬೇರೆ: ಗಾಲಿ ಇಲ್ಲದ ಸೈಕಲ್ಲು, ಮಾತಾಡದ ರೇಡಿಯೋ, ಮದುವೆ ಮುಂಜಿಗಳಲ್ಲಿ ಬಂದ ಏಳು ಗೋಡೆ ಗಡಿಯಾರ. ಏಳೂ ಏಳು ವೇಳೆ ತೋರಿಸುತ್ತಿದ್ದವು. ಮನೆಯವರು ಗಣಿಯ ಸೈರನ್ ಕೇಳಿಯೇ ಊಟಕ್ಕೆ ಕೂರುತ್ತಿದ್ದರು.

ಕೊನೆಗೆ ದುರುಗಪ್ಪಣ್ಣ ಒಂದು ಕರಾರು ಹಾಕಿದ. ನಾನೂ ಅಲ್ಲೇ ಇದ್ದೆ, ಅವರ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದೆ. ಸಾಮಾನಿಗೆ ಲಾರಿ ಬೇಕಾದರೆ ಸಿಂಧನೂರು. ಛೋಟಾ ಹಾತಿಯ ಒಂದೇ ಖೇಪಿಗೆ ಮುಗಿದರೆ ಮಸ್ಕಿ. ಛೋಟಾ ಹಾತಿ ಅಂದರೆ ನಮ್ಮ ಕಡೆ ನಾಲ್ಕು ಗಾಲಿಯ ಸಣ್ಣ ಗೂಡ್ಸ್ ಗಾಡಿ. ಎದುರು ಮನೆಯ ಮೆಹಬೂಬ್‌ಬೀಯ ಗಂಡ ಹಸನ್‌ಸಾಬ್ ಹತ್ತಿರ ಅಂಥದೊಂದಿದೆ. ಹೇಳುವಾಗ ದುರುಗಪ್ಪಣ್ಣನ ಮೀಸೆಯ ಕೆಳಗೆ ನಗು ಇತ್ತು. ಈ ಹೆಂಗಸಿನಿಂದ ಆಗುವ ಕೆಲಸವಲ್ಲ ಅಂತ ಅವನಿಗೆ ಖಾತ್ರಿ ಇತ್ತು. ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಶೇಖಕ್ಕ ಕೆಲಸ ಶುರು ಮಾಡಿದಳು. ಲಿಂಗಸುಗೂರಿನಲ್ಲಿರುವ ಮಗಳು ಮೌನೇಶ್ವರಿ ಅವ್ವನಿಗೆ ಸಹಾಯವಾಗಲೆಂದು ಫೋನಿಗೆ ಒಂದು ವಿಡಿಯೋ ಕಳಿಸಿದಳು. ಒಂದು ಚಾಪೆ, ಒಂದು ಹೂವಿನ ಕುಂಡ ಬಿಟ್ಟು ಬೇರೇನೂ ಇಲ್ಲದ ಬಿಳಿ ಕೋಣೆಯಲ್ಲಿ ಒಬ್ಬ ಹುಡುಗಿ ನಿಂತು, ಒಂದು ವರ್ಷದಿಂದ ಉಪಯೋಗಕ್ಕೆ ಬಾರದ್ದನ್ನೆಲ್ಲ ಮನೆಯಿಂದ ಹೊರಗೆ ಹಾಕಿ, ಜೀವ ಹಗುರಾಗುತ್ತದೆ ಅನ್ನುತ್ತಿದ್ದಳು. ಆ ಹುಡುಗಿಯ ಮನೆಗೆ ನಾಲ್ಕು ಜನ ನೆಂಟರು ಬಂದರೆ ಊಟ ಯಾವುದರಲ್ಲಿ ಬಡಿಸುತ್ತಾಳೆ ಅಂತ ನನಗೆ ಸಿಟ್ಟು ಬಂತು. ಶೇಖಕ್ಕ ಮಾತ್ರ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು. ಹಾಗೆ ನೋಡಿದರೆ ಮೊದಲು ಯಾವ ಕೆಲಸಕ್ಕೂ ಬಾರದ ದಢೇಸುಗೂರಿನ ತನ್ನ ಭಾವನನ್ನೇ ಹೊರಗೆ ಹಾಕಬೇಕಾಗುತ್ತದೆ ಅಂದು ನಕ್ಕಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಅಟ್ಟದ ಮೇಲಿನ ದೊಡ್ಡ ಕೊಳಗ ಇಳಿಸಿದಳು.

ಆ ಕೊಳಗ ಮೆಹಬೂಬ್‌ಬೀಗೆ ಹೋಯಿತು. ಅವರ ಮನೆಯಲ್ಲಿ ಮಂದಿ ಜಾಸ್ತಿ, ಬೇಕಾಗಿಯೇ ಇತ್ತು. ಆದರೆ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಬರಿಗೈಯಲ್ಲಿ ಯಾರೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ಸಂಜೆಗೆ ಮೆಹಬೂಬ್‌ಬೀ ಹೊಸ ಸ್ಟೀಲ್ ಡಬ್ಬಿಯ ತುಂಬ ಸಕ್ಕರೆ ತುಂಬಿಕೊಂಡು ಬಂದಳು. ಸಕ್ಕರೆ ಸುರುವಿಕೊಂಡು ಡಬ್ಬಿಯನ್ನು ಖಾಲಿ ಕಳಿಸುವುದು ಹೇಗೆ? ಶೇಖಕ್ಕ ಅದರಲ್ಲಿ ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟಳು. ಚಟ್ನಿಪುಡಿ ಚೆನ್ನಾಗಿತ್ತೆಂದು ಮೆಹಬೂಬ್‌ಬೀ ಮರುದಿನ ಒಂದು ಕುಂಬಳಕಾಯಿ ಮತ್ತು ರವಿಕೆ ಹೊಲಿಸಲು ಎರಡು ಜಂಪರ್ ಪೀಸು ತಂದಳು, ಜೊತೆಗೆ ಡಬ್ಬಿಯನ್ನೂ ಇಟ್ಟುಹೋದಳು. ಒಂದು ಕೊಳಗ ಹೊರಗೆ ಹೋಗಿ ನಾಲ್ಕು ಸಾಮಾನು ಒಳಗೆ ಬಂದಿದ್ದವು. ಹಳೆ ತಟ್ಟೆಗಳನ್ನು ಕೊಟ್ಟ ಮನೆಯಿಂದ ಹೊಸ ಬಕೀಟು ಬಂತು. ಕೌದಿ ಕೊಟ್ಟ ಮನೆಯಿಂದ ಚಾದರ ಬಂತು.

ಇದು ಸಣ್ಣ ಅನಾಹುತ. ದೊಡ್ಡದು ಮುಂದಿತ್ತು. ನಿವೃತ್ತರಾಗಿ ಕ್ವಾರ್ಟರ್ಸ್ ಬಿಡುವ ಗಂಡಹೆಂಡತಿಯನ್ನು ಸಾಲಿನ ಪ್ರತಿ ಮನೆಯವರೂ ಊಟಕ್ಕೆ ಕರೆಯುವುದು ನಮ್ಮಲ್ಲಿ ನಡೆದುಬಂದದ್ದು. ಊಟವಾದ ಮೇಲೆ ಹೆಂಗಸಿಗೆ ಉಡಿ ತುಂಬಬೇಕು, ಅಂದರೆ ಸೆರಗಿನ ಮಡಿಲಿಗೆ ಅಕ್ಕಿ, ಕಾಯಿ, ಜಂಪರ್ ಪೀಸು ಹಾಕಬೇಕು. ಗಂಡಸಿಗೆ ಟವೆಲ್ಲು. ಇಬ್ಬರಿಗೂ ಸೇರಿ ಆಯೇರಿ ಅಂತ ಸೀರೆಯೋ ಭಾಂಡೆಯೋ ಏನಾದರೊಂದು ಕೊಡಬೇಕು. ಬೇಡ ಅನ್ನುವ ಹಾಗಿಲ್ಲ. ಬೇಡ ಅಂದರೆ ಕೊಟ್ಟವರ ಮನೆಯನ್ನೇ ಬೇಡ ಅಂದಂತೆ. ನಲವತ್ತು ದಿನದಲ್ಲಿ ಮೂವತ್ತೊಂದು ಮನೆಯ ಊಟವಾಯಿತು. ಮನೆಯಲ್ಲಿ ಕಾಯಿಗಳ ಒಂದು ಚೀಲ, ಅಕ್ಕಿಯ ಎರಡು ಚೀಲ, ಮುಖ ಮುಚ್ಚುವಷ್ಟು ಎತ್ತರದ ಜಂಪರ್ ಪೀಸಿನ ಗುಡ್ಡೆ ಆದವು. ಗೋಡೆ ಗಡಿಯಾರ ಒಂಬತ್ತಾದವು. ನಾನು ಕೊಟ್ಟದ್ದು ಹಾಟ್ ಬಾಕ್ಸ್. ಒಳ್ಳೆಯ ಹಾಟ್ ಬಾಕ್ಸ್, ರೊಟ್ಟಿ ಸಂಜೆಯವರೆಗೆ ಮೆತ್ತಗೆ ಇರುತ್ತದೆ. ಅವಳ ಕರಾರು ಗೊತ್ತಿದ್ದೂ ಕೊಟ್ಟೆ. ಇಪ್ಪತ್ತೆರಡು ವರ್ಷದ ನೆರೆಯವಳನ್ನು ಬರಿಗೈಯಲ್ಲಿ ಕಳಿಸಲು ನನಗೇನು ಬುದ್ಧಿ ಇಲ್ಲವೇ?

ಆ ಜಂಪರ್ ಪೀಸಿನ ಗುಡ್ಡೆಯಿಂದಾಗಿಯೇ ನಮ್ಮಿಬ್ಬರಿಗೆ ಮಾತು ಬಿಡುವ ಹಾಗಾಯಿತು. ಅದನ್ನು ಕರಗಿಸಬೇಕೆಂದು ಶೇಖಕ್ಕ ಮನೆಗೆ ಬಂದ ಪ್ರತಿ ಹೆಂಗಸಿಗೂ ಕುಂಕುಮ ಹಚ್ಚಿ ಒಂದೊಂದು ಕೊಡತೊಡಗಿದಳು. ಒಂದು ಶುಕ್ರವಾರ ನನಗೂ ಕೊಟ್ಟಳು. ಮನೆಗೆ ಬಂದು ಬಿಚ್ಚಿದರೆ ಗಿಳಿಹಸಿರು ಬಣ್ಣ, ಅಂಚಿಗೆ ಅರಿಶಿನದ ಕಲೆ. ವಾರದ ಹಿಂದೆ ನನ್ನ ಕೈಯಿಂದಲೇ ಅವಳ ಉಡಿಗೆ ಹಾಕಿದ್ದ ಪೀಸು. ಮೂರು ದಿನ ನಾನು ಅವಳ ಬಾಗಿಲ ಕಡೆ ತಿರುಗಿ ನೋಡಲಿಲ್ಲ. ನಾಲ್ಕನೆಯ ದಿನ ಅವಳೇ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಳತೊಡಗಿದಳು. ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ.

“ಹತ್ತು ದಿನ ಉಳದಾವ ಭಾರತಿ,” ಅಂದಳು. “ಕೊಟ್ಟಷ್ಟೂ ತುಂಬಾಕತ್ತೈತಿ. ಸಿಂಧನೂರಿಗೆ ಹೋಗಿಬಿಡ್ತೀನಿ. ನನ್ನ ಹಣ್ಯಾಗ ಒಲಿ ಬರದಿಲ್ಲ.”

ದುರುಗಪ್ಪಣ್ಣ ಲಾರಿ ಗೊತ್ತು ಮಾಡಿದ್ದು ನನಗೆ ಆಗಲೇ ತಿಳಿದಿತ್ತು. ನಾನು ನೇರ ದುರುಗಪ್ಪಣ್ಣನ ಹತ್ತಿರ ಹೋಗಿ ಬಾಯಿಗೆ ಬಂದದ್ದು ಅಂದೆ. ಹೆಂಡತಿ ಒಂದೇ ಒಂದು ಆಸೆ ಪಟ್ಟರೆ ಅದಕ್ಕೆ ಗಡಿಯಾರ ಅಡ್ಡ ಹಿಡಿಯುವವನು ಎಂಥ ಗಂಡಸು ಅಂತ ಕೇಳಿದೆ. ಅವನು ಸಿಟ್ಟಾಗಲಿಲ್ಲ. ಹಳೆಯ ದಿನದ ಮಾತು ತೆಗೆದ. ಅವನು ಹಟ್ಟಿಗೆ ಬಂದಾಗ ಒಂದು ಖೋಲಿಯಲ್ಲಿ ಆರು ಮಂದಿ ಇದ್ದರಂತೆ, ಮಂಚ ಎರಡೇ. ಒಬ್ಬ ಪಾಳಿಗೆ ಎದ್ದು ಹೋದ ಕೂಡಲೇ ಪಾಳಿ ಮುಗಿಸಿ ಬಂದವನು ಅದೇ ಮಂಚದಲ್ಲಿ ಮಲಗಬೇಕು. ನಾಲ್ಕು ವರ್ಷ ಇನ್ನೊಬ್ಬನ ಮೈಬಿಸಿ ಆರದ ಹಾಸಿಗೆಯಲ್ಲಿ ಮಲಗಿದವನಂತೆ ಅವನು.

“ಟವೆಲ್ಲಿನ ಗಂಟು ಹಿಡಕೊಂಡು ಬಸ್ ಇಳಿದೀನವ್ವ ನಾ,” ಅಂದ. “ಇಲ್ಲಿಂದ ಹೋಗೋರನ್ನ ಮಂದಿ ನೋಡ್ತಾರ. ಫಲಾನಾ ಲಾರಿ ತುಂಬ್ಕೊಂಡು ಹೋದ ಅಂತಾರ. ನಾ ಛೋಟಾ ಹಾತ್ಯಾಗ ಹೋದ್ರ, ಇಷ್ಟು ವರ್ಷ ದುಡದು ಇಷ್ಟ ಏನು ಗಳಿಸಿದ್ದು ಅಂತಾರ.”

ಅದು ಸುಳ್ಳೇನಲ್ಲ. ನಮ್ಮ ಸಾಲಿನಲ್ಲಿ ಹಾಗೆ ಅನ್ನುತ್ತಾರೆ. ನಾನೇ ಅಂದಿದ್ದೇನೆ, ಒಂದಲ್ಲ ಎರಡು ಸಲ. ಹಾಗಾಗಿ ಬೈಯಲು ಹೋದವಳು ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ, ಬಂದು ಎಲ್ಲವನ್ನೂ ಶೇಖಕ್ಕನಿಗೆ ಹೇಳಿದೆ. ಅವಳು ಅಳುವುದನ್ನು ನಿಲ್ಲಿಸಿ ತನ್ನ ಉಡಿಯ ಕಡೆಗೇ ನೋಡುತ್ತ ಕೂತಳು.

ಮುಂದಿನ ಮಂಗಳವಾರ ಬೆಳಿಗ್ಗೆ ಮೂವತ್ತೊಂದೂ ಮನೆಗೆ ಶೇಖಕ್ಕನ ಕರೆ ಹೋಯಿತು. ಹೆಂಗಸರೆಲ್ಲ ಬರಬೇಕು, ತಾನು ಎಲ್ಲರ ಉಡಿ ತುಂಬುತ್ತೇನೆ ಅಂತ. ಹೋಗುವವಳು ಇರುವವರ ಉಡಿ ತುಂಬುವುದನ್ನು ಯಾರೂ ಕೇಳಿರಲಿಲ್ಲ. ಆದರೆ ಸಾಲಿನಲ್ಲಿ ಈಗ ಅವಳಿಗಿಂತ ಹಿರಿಯ ಮುತ್ತೈದೆ ಯಾರೂ ಉಳಿದಿರಲಿಲ್ಲ. ಹಿರಿಯಳು ತುಂಬಿದ ಉಡಿಯನ್ನು ಬೇಡ ಅನ್ನುವಂತಿಲ್ಲ. ಅದಕ್ಕೆ ಬದಲು ಕೊಡುವಂತೆಯೂ ಇಲ್ಲ, ಕಾಲಿಗೆ ನಮಸ್ಕಾರ ಮಾಡಿದರೆ ಮುಗಿಯಿತು. ಅಷ್ಟು ದಿನ ನಮ್ಮ ಪದ್ಧತಿಯ ಕೈಯಲ್ಲಿ ಸಿಕ್ಕಿ ಒದ್ದಾಡಿದವಳು ಅದೇ ಪದ್ಧತಿಯನ್ನು ತಿರುಗಿಸಿ ಹಿಡಿದಿದ್ದಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಉಪಾಯ ನನ್ನದೇ ಅನ್ನುವ ಹಾಗೆ ಓಡಾಡಿದೆ.

ಬಂದವರೆಲ್ಲ ಸಾಲಾಗಿ ಕೂತರು. ಪ್ರತಿಯೊಬ್ಬಳ ಉಡಿಗೆ ಅಕ್ಕಿ, ಕಾಯಿ, ಜಂಪರ್ ಪೀಸು, ಮೇಲೊಂದು ಭಾಂಡೆ. ಉಡಿಯಲ್ಲಿ ಹಿಡಿಯದ ಹಂಡೆಯನ್ನು ತೊಡೆಯ ಮೇಲೆ ಇಟ್ಟಳು. ಮೆಹಬೂಬ್‌ಬೀ ಸೆರಗು ಒಡ್ಡಿ ಕೂತು ಪರಾತ, ಮಿಳ್ಳಿ, ಎರಡು ಕೌದಿ ತೆಗೆದುಕೊಂಡಳು. ಎದ್ದು ಮನೆಗೆ ಹೋಗಿ ಏನೋ ತರಲು ಹೊರಟವಳನ್ನು ಶೇಖಕ್ಕ ಕೈಹಿಡಿದು ಕೂರಿಸಿದಳು.

“ಉಡಿಗೆ ಬದಲಿ ಇಲ್ಲ ಬೇ. ತಂದ್ರ ನನ್ನ ಹಿರೇತನ ಕಳದಂಗ,” ಅಂದಳು.

ನನ್ನ ಸರದಿ ಬಂದಾಗ ಅವಳು ಗುಡ್ಡೆಯಲ್ಲಿ ಹುಡುಕಿ ಹುಡುಕಿ, ಇದು ನಿನ್ನದಲ್ಲ ತಾನೇ ಅಂತ ನನಗೇ ತೋರಿಸಿ, ಒಂದು ಕೆಂಪು ಪೀಸು ಹಾಕಿದಳು. ಎಲ್ಲರೂ ನಕ್ಕರು. ನಾನೂ ನಗಲೇಬೇಕಾಯಿತು.

ಕೊನೆಗೆ ಉಳಿದವಳು ಗದ್ದೆಮ್ಮ. ವಳಕಮದಿನ್ನಿಯ ಹುಡುಗಿ. ಗಂಡನಿಗೆ ಕೆಲಸ ಸಿಕ್ಕು ಎರಡು ತಿಂಗಳಾಗಿತ್ತು, ಕ್ವಾರ್ಟರ್ಸಿಗೆ ಬಂದು ಮೂರು ವಾರ. ಮನೆಯಲ್ಲಿ ಒಂದು ಸ್ಟೋವು, ಒಂದು ಚಾಪೆ, ಬೇರೇನಿಲ್ಲ. ಶೇಖಕ್ಕ ಅವಳ ಉಡಿಗೆ ದೊಡ್ಡ ಬೋಗುಣಿ ಹಾಕಿ ಮಂಚವನ್ನು ತೋರಿಸಿದಳು. ಗದ್ದೆಮ್ಮ ನಾಚಿ, ಬ್ಯಾಡ್ರಿ, ನಮಗ ನೆಲ ರೂಢಿ ಐತ್ರಿ ಅಂದಳು. ಗಂಡ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ನೆಲದ ಮೇಲೆ ಮಲಗುತ್ತಾನೆ, ಇರುವೆ ಕಾಟ ಬಿಟ್ಟರೆ ಏನೂ ತೊಂದರೆ ಇಲ್ಲ ಅಂತ ಮೆಲ್ಲಗೆ ಸೇರಿಸಿದಳು.

ದುರುಗಪ್ಪಣ್ಣ ಅಷ್ಟು ಹೊತ್ತೂ ಮುಖ ಊದಿಸಿಕೊಂಡು ಹೊರಗೆ ಕೂತಿದ್ದ. ತನ್ನ ಮನೆ ಕಣ್ಣೆದುರಿಗೇ ತುಂಡು ತುಂಡಾಗಿ ನಡೆದು ಹೋಗುವುದನ್ನು ನೋಡುತ್ತಿದ್ದ. ಈಗ ಎದ್ದು ಒಳಗೆ ಬಂದ, ಹಾಸಿಗೆ ಸುತ್ತಿ ಬದಿಗಿಟ್ಟು ಮಂಚವನ್ನು ಒಂದು ಕಡೆ ಎತ್ತಿದ. ಇನ್ನೊಂದು ಕಡೆ ಹಿಡಿಯುವಂತೆ ಹಸನ್‌ಸಾಬನನ್ನು ಕರೆದ. ಇಬ್ಬರೂ ಅದನ್ನು ಬಿಸಿಲಿನಲ್ಲಿ ಸಾಲಿನ ಆ ತುದಿಯವರೆಗೆ ಹೊತ್ತುಕೊಂಡು ಹೋಗಿ ಗದ್ದೆಮ್ಮನ ಮನೆಯಲ್ಲಿ ಹಾಕಿ ಬಂದರು. ಬಂದವನು ಬೆವರು ಒರೆಸಿಕೊಳ್ಳದೆ ಎರಡನೆಯ ಮಂಚವನ್ನೂ ಎತ್ತಿದ. ಅದು ಸಾಲಿನ ಇನ್ನೊಬ್ಬ ಹೊಸ ಕೆಲಸಗಾರನ ಮನೆಗೆ ಹೋಯಿತು. ಸೈಕಲ್ಲು ಗುಜರಿಗೆ, ಅಲಮಾರಿಗಳು ಅಂಗನವಾಡಿಗೆ. ಗಡಿಯಾರಗಳಲ್ಲಿ ಎಂಟನ್ನು ತಾನೇ ಕಂಕುಳಲ್ಲಿ ಇಟ್ಟುಕೊಂಡು ಮನೆ ಮನೆಗೆ ಹಂಚಿದ. ಯಾಕೆ ಹೀಗೆ ಅಂತ ಯಾರೂ ಕೇಳಲಿಲ್ಲ, ಅವನೂ ಜಪ್ಪಯ್ಯ ಅಂದರೂ ಹೇಳುವವನಲ್ಲ.

ಸಂಜೆ ಮಾತ್ರ ಹೆಂಡತಿಗೆ ಒಂದು ಮಾತು ಅಂದ. ಕರಾರಿನಂತೆ ಮಸ್ಕಿಗೇ ಹೋಗೋಣ, ಆದರೆ ಆರು ತಿಂಗಳು ನೋಡುವುದು, ಸರಿ ಬರದಿದ್ದರೆ ಸಿಂಧನೂರು. ಲಾರಿಯ ಮಾತು ಅವನ ಎದೆಯಿಂದ ಇನ್ನೂ ಹೋಗಿರಲಿಲ್ಲ. ಶೇಖಕ್ಕ ತಲೆ ಆಡಿಸಿದಳು. ಆರು ತಿಂಗಳ ಒಲೆ ಅಂದರೆ ಬಾಡಿಗೆಯ ಒಲೆ ಇದ್ದ ಹಾಗೆ ಅಂತ ನನ್ನ ಹತ್ತಿರ ಬಂದು ಹೇಳಿದಳು. ಗೆದ್ದರೂ ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಹೊರಡುವ ದಿನ ಛೋಟಾ ಹಾತಿ ಬಾಗಿಲಿಗೆ ಬಂದು ನಿಂತಿತು. ಒಂದು ಟ್ರಂಕು, ಅಕ್ಕಿಯ ಒಂದು ಚೀಲ, ಗ್ಯಾಸಿನ ಒಲೆ, ಸಿಲಿಂಡರು, ಎರಡು ಬುಟ್ಟಿ ಭಾಂಡೆ, ನಾಲ್ಕು ಕೌದಿ, ಒಂದು ಗಡಿಯಾರ, ನನ್ನ ಹಾಟ್ ಬಾಕ್ಸ್. ಅರ್ಧ ತಾಸಿನಲ್ಲಿ ಹೇರಿ ಮುಗಿಯಿತು. ಗಾಡಿಯ ತೊಟ್ಟಿ ಅರ್ಧ ಕೂಡ ತುಂಬಲಿಲ್ಲ. ದುರುಗಪ್ಪಣ್ಣ ಬೇಗ ಹೊರಡೋಣ, ಪಾಳಿ ಬಿಡುವುದರೊಳಗೆ ಗಣಿಯ ಗೇಟು ದಾಟೋಣ ಅಂತ ಒಂದೇ ಸಮ ಅವಸರ ಮಾಡತೊಡಗಿದ. ಗೇಟಿನಿಂದ ಹೊರಬರುವ ಮಂದಿ ಈ ಖಾಲಿ ಗಾಡಿ ನೋಡುತ್ತಾರೆ ಅನ್ನುವ ಸಂಕಟ ಅವನಿಗೆ.

ಮಸ್ಕಿಯ ಮನೆಯಲ್ಲಿ ಹಾಲು ಉಕ್ಕಿಸುವವರು ಯಾರು ಅಂತ ಕೇಳಿದೆ. ಹೊಸ ಮನೆಗೆ ಹೋದ ದಿನ ಒಲೆ ಹೊತ್ತಿಸಿ ಹಾಲು ಉಕ್ಕಿಸಬೇಕು, ಹತ್ತಿರದವರು ಸುತ್ತ ನಿಲ್ಲಬೇಕು. ಶೇಖಕ್ಕ, ನಾವಿಬ್ಬರೇ ಅಂದಳು. ಮಗ ಅಂಗಡಿ ಬಿಟ್ಟು ಬರಲು ಆಗಿರಲಿಲ್ಲ, ಟೀಚರಾದ ಮಗಳಿಗೆ ಶಾಲೆಯಲ್ಲಿ ಪರೀಕ್ಷೆ ಡ್ಯೂಟಿ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಹಸನ್‌ಸಾಬನಿಗೆ ಹಿಂದಿನ ಪಟ್ಟಿ ಇಳಿಸು ಅಂದು, ಸೀರೆ ಎತ್ತಿ ಕಟ್ಟಿ, ಗಾಡಿ ಹತ್ತಿ ಅಕ್ಕಿ ಚೀಲದ ಮೇಲೆ ಕೂತೆ. ನನ್ನ ಹಿಂದೆ ಮೆಹಬೂಬ್‌ಬೀ ಹತ್ತಿದಳು. ಗಂಡನನ್ನು ಕೇಳಿ ಬರುತ್ತೇನೆ ಅಂತ ಓಡಿದ ಗದ್ದೆಮ್ಮ ಕೇಳದೆಯೇ ವಾಪಸ್ ಬಂದಳು, ಅವನು ಮಂಚದ ಮೇಲೆ ಗಾಢ ನಿದ್ದೆಯಲ್ಲಿದ್ದನಂತೆ. ನೋಡುನೋಡುತ್ತಿದ್ದಂತೆ ಒಂಬತ್ತು ಮಂದಿ ಹೆಂಗಸರಾದೆವು. ಯಾರೋ ರೊಟ್ಟಿ ಕಟ್ಟಿಕೊಂಡರು, ಯಾರೋ ಹಾಲಿನ ಕ್ಯಾನು ತಂದರು. ಈ ಗದ್ದಲದಲ್ಲಿ ಸೈರನ್ ಆಗಿಯೇ ಹೋಯಿತು.

ಗೇಟಿನ ಮುಂದೆ ಪಾಳಿ ಬಿಟ್ಟ ಗಂಡಸರು ರಸ್ತೆ ತುಂಬ ಇದ್ದರು. ಗಾಡಿ ನಿಂತಿತು. ಏನಿದು, ಯಾರ ಮದುವೆಯ ದಿಬ್ಬಣ ಅಂತ ಒಬ್ಬ ಕೇಳಿದ. ದುರುಗಪ್ಪಣ್ಣನ ಸಂಸಾರ ಮಸ್ಕಿಗೆ ಹೊರಟೈತಿ, ದಾರಿ ಬಿಡ್ರಿ ಅಂತ ಮೆಹಬೂಬ್‌ಬೀ ಹಿಂದಿನಿಂದ ಕೂಗಿದಳು. ಮಂದಿ ನಕ್ಕು ದಾರಿ ಬಿಟ್ಟರು. ಕೆಲವರು ಕ್ಯಾಬಿನ್ ಕಿಟಕಿಯ ಹತ್ತಿರ ಬಂದು ಅವನ ಕೈ ಹಿಡಿದರು. ಅವನು ಎಲ್ಲರ ಕೈಯನ್ನೂ ಹಿಡಿದ.

ಲಿಂಗಸುಗೂರು ದಾಟಿ ಮಸ್ಕಿ ಸೇರುವಾಗ ನಮ್ಮ ತಲೆಯೆಲ್ಲ ಧೂಳು, ನಕ್ಕು ನಕ್ಕು ಪಕ್ಕೆ ನೋವು. ಇಳಿಸುವುದು ಹತ್ತೇ ನಿಮಿಷದ ಕೆಲಸ. ಎರಡು ಖೋಲಿಯ ನೆಲ ಖಾಲಿ ಇತ್ತು, ಗುಡಿಸಿ ನೀರು ಹಾಕಿ ಗೋಡೆಯಿಂದ ಗೋಡೆಗೆ ಕೂತೆವು. ಶೇಖಕ್ಕ ಒಲೆ ಹೊತ್ತಿಸಿದಳು. ಹಾಲು ಉಕ್ಕುವುದನ್ನೇ ಕಾಯುತ್ತಿದ್ದಾಗ ದುರುಗಪ್ಪಣ್ಣನ ಫೋನು ರಿಂಗಾಯಿತು. ವಿರೇಶ. ಸಾಮಾನು ಎಷ್ಟು ಬಂತು, ಲಾರಿ ಕಳಿಸಲೇನು ಅಂತ ಅವನು ಕೇಳಿದ್ದು ನಮಗೆಲ್ಲ ಕೇಳಿಸಿತು.

ದುರುಗಪ್ಪಣ್ಣ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ.

“ಅರ್ಧ ಗಾಡಿ ಸಾಮಾನು, ಅರ್ಧ ಗಾಡಿ ಮಂದಿ ಬಂದಾರಪ್ಪ,” ಅಂದ. “ಲಾರಿ ಒಯ್ದೋರ ಹಿಂದ ಒಬ್ಬರೂ ಹೋಗಿದ್ದು ನಾ ಕಂಡಿಲ್ಲ. ಆರು ತಿಂಗಳು ಗೀರು ತಿಂಗಳು ಏನಿಲ್ಲ, ನಾವು ಇಲ್ಲೇ ಇರ್ತೀವಿ. ನೀ ಬಾ, ನಿಮ್ಮವ್ವನ ಕೈಯಾಗ ಉಂಡು ಹೋಗು.”

ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಶೇಖಕ್ಕ ಪಾತ್ರೆ ಇಳಿಸುವುದನ್ನು ಮರೆತು ಗಂಡನ ಮುಖ ನೋಡುತ್ತ ನಿಂತಿದ್ದಳು. ಇಳಿಸು ಬೇ, ಗ್ಯಾಸ್ ಆರತೈತಿ ಅಂತ ನಾನು ಗದರಿಸಿದೆ.